ಡಬ್ಬಿಯಲ್ಲಿ ಕಿವಿ ಇಟ್ಟ ಗುರು

ಹಡಗಿನ ಹೊಟ್ಟೆಯಲ್ಲಿ ದುಡಿಯುವವರು ಬಿಡುವಾದಾಗ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಕಥೆಗಳಲ್ಲಿ ಇದೂ ಒಂದು. ಹೇಳಿದವರೆಲ್ಲ ಅಷ್ಟಿಷ್ಟು ಉಪ್ಪುಖಾರ ಸೇರಿಸಿದ್ದಾರೆ. ನಾನೂ ಸೇರಿಸಿದ್ದೇನೆ.

ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ, ಹೊಳೆ ದಾಟಿಸುವ ದೋಣಿ ನಿಲ್ಲುವ ಕಡವಿನ ಕಟ್ಟೆಗೆ ತಾಗಿಕೊಂಡು ಒಂದು ಹೆಂಚಿನ ಮನೆ. ಅಲ್ಲಿ ಆಲ್ಬನ್ ಬಾರ್ಬೋಜ ಎಂಬ ಮುದುಕರಿದ್ದರು. ನಲವತ್ತು ವರ್ಷ ಸಮುದ್ರದ ಮೇಲಿದ್ದವರು, ಅದರಲ್ಲಿ ಇಪ್ಪತ್ತೆರಡು ವರ್ಷ ಚೀಫ್ ಇಂಜಿನಿಯರ್.

ಇಂಜಿನ್ನುಗಳ ಗದ್ದಲ ಅವರ ಎರಡೂ ಕಿವಿಗಳನ್ನು ತಿಂದುಹಾಕಿತ್ತು. ಬಲಗಿವಿಗೆ ಒಂದು ಯಂತ್ರ ಸಿಕ್ಕಿಸಿಕೊಳ್ಳುತ್ತಿದ್ದರು. ಬೇಡವೆನಿಸಿದಾಗ ಅದನ್ನು ಕಿತ್ತು ಒಂದು ಹಳೆಯ ನಶ್ಯದ ಡಬ್ಬಿಗೆ ಹಾಕಿ, ಟಕ್ಕೆಂದು ಮುಚ್ಚಳ ಒತ್ತುತ್ತಿದ್ದರು.

ಚೀಫ್ ಇಂಜಿನಿಯರ್ ಆಗಬೇಕಾದವರು ಕೊನೆಗೆ ಒಂದು ಮೌಖಿಕ ಪರೀಕ್ಷೆ ದಾಟಬೇಕು. ಕೋಣೆಯಲ್ಲಿ ಒಂದು ಮೇಜು, ಆಚೆ ಪರೀಕ್ಷಕರು, ಈಚೆ ನೀವು. ಪೆನ್ನಿಲ್ಲ, ಪುಸ್ತಕವಿಲ್ಲ. ಅಲ್ಲಿ ಫೇಲಾಗಿ ಬಿದ್ದವರು ಬಾರ್ಬೋಜರನ್ನು ಹುಡುಕಿಕೊಂಡು ಬರುತ್ತಿದ್ದರು.

ಸುಕೇಶ ಬಂಗೇರ ಬಂದಾಗ ಎರಡು ಸಲ ಬಿದ್ದಾಗಿತ್ತು.

"ಎಲ್ಲಿ ತಪ್ಪಿದೆ ಅಂತ ಗೊತ್ತುಂಟಾ?" ಎಂದು ಬಾರ್ಬೋಜರು ಕೇಳಿದರು.

"ಎಲ್ಲಿಯೂ ತಪ್ಪಲಿಲ್ಲ ಸರ್. ಅದೇ ನನ್ನ ಸಂಕಟ. ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಆ ಪರೀಕ್ಷಕರಿಗೆ ನನ್ನ ಮುಖ ಕಂಡ್ರೆ ಆಗುವುದಿಲ್ಲ."

ಮುಖ ಏನೋ ಚೆನ್ನಾಗಿಯೇ ಇತ್ತು. ಮೂವತ್ತಾರರ ಹರೆಯ, ಹನ್ನೆರಡು ವರ್ಷದ ಸಮುದ್ರ, ಇಂಜಿನ್ನಿನ ಸದ್ದು ಕೇಳಿಯೇ ಯಾವ ಸಿಲಿಂಡರಿಗೆ ಜ್ವರ ಬಂದಿದೆ ಎಂದು ಹೇಳಬಲ್ಲವನು. ಪುಸ್ತಕಗಳಂತೂ ಬಾಯಿಪಾಠ.

"ಈ ಸಲವೂ ಬಿದ್ರೆ?"

ಸುಕೇಶ ಹೊಳೆಯ ಕಡೆ ಮುಖ ತಿರುಗಿಸಿದ.

"ಬಿದ್ರೆ ಸೆಕೆಂಡ್ ಇಂಜಿನಿಯರ್ ಆಗಿಯೇ ಹಡಗು ಹತ್ತಬೇಕು. ಕಂಪೆನಿಯವರು ಹಡಗೂ ಹೇಳಿದ್ದಾರೆ. ಅಲ್ಲಿ ಈಗ ಚೀಫ್ ಯಾರು ಗೊತ್ತುಂಟಾ ಸರ್? ಅಶ್ವಿತ್. ಸ್ಪ್ಯಾನರ್ ಹಿಡಿಯುವುದು ಹೇಗೆ ಅಂತ ನಾನೇ ಕಲಿಸಿದವನು. ಇನ್ನು ಅವನ ಬಾಗಿಲು ತಟ್ಟಿ, 'ಒಳಗೆ ಬರ್ಲಾ ಚೀಫ್' ಅಂತ ಕೇಳಬೇಕು."

ಅವನ ಕಣ್ಣು ತುಂಬಿತು. ಅವಮಾನ ಅಂದರೆ ಏನೆಂದು ಎರಡು ಸಲ ಬಿದ್ದ ಮೇಲೆ ಅವನಿಗೆ ಚೆನ್ನಾಗಿ ತಿಳಿದಿತ್ತು.

"ಸರಿ," ಎಂದರು ಬಾರ್ಬೋಜರು. "ಕೊನೆಯ ಪ್ರಶ್ನೆ ಎಂತದು? ಅವರು ಕೇಳಿದ ಹಾಗೇ ಹೇಳು, ನೀನು ಉತ್ತರ ಕೊಟ್ಟ ಹಾಗೇ ಹೇಳು."

"ಎರಡು ಸಲವೂ ಹೆಚ್ಚುಕಡಿಮೆ ಒಂದೇ ಸರ್. ಹಡಗು ನಡುದಾರಿಯಲ್ಲಿದೆ, ಇಂಜಿನ್ನಿನ ಬೇರಿಂಗ್ ಬಿಸಿಯಾಗ್ತಾ ಉಂಟು, ಏನು ಮಾಡ್ತೀರಿ? ನಾನು ಹೇಳಿದೆ, ವೇಗ ಇಳಿಸ್ತೇನೆ, ಎಣ್ಣೆಯ ಒತ್ತಡ ನೋಡ್ತೇನೆ, ಫಿಲ್ಟರ್ ಬದಲಿಸ್ತೇನೆ, ಬ್ರಿಜ್ಜಿನಲ್ಲಿರುವ ಕ್ಯಾಪ್ಟನ್ನರಿಗೆ ತಿಳಿಸ್ತೇನೆ, ಚೀಫ್‌ಗೆ ಫೋನ್ ಮಾಡ್ತೇನೆ."

"ಅದಕ್ಕೆ ಅವರೆಂತ ಹೇಳಿದ್ರು?"

"ಎರಡನೇ ಸಲ ಒಂದು ವಿಚಿತ್ರ ಪ್ರಶ್ನೆ ಕೇಳಿದ್ರು ಸರ್. 'ಆಗ ಚೀಫ್ ಏನು ಹೇಳ್ತಾರೆ?' ಅಂತ."

"ನೀನು?"

"ಅದು ಅವರವರ ಮೇಲೆ ಹೋಗ್ತದೆ ಸರ್, ಅಂದೆ. ಫೈಲು ಮುಚ್ಚಿಬಿಟ್ರು."

ಬಾರ್ಬೋಜರ ಹೊಟ್ಟೆ ಕುಲುಕಿತು. ನಗು ಬಾಯಿಗೆ ಬಾರದಂತೆ ಕೆಮ್ಮಿ, ಎದ್ದು ನಿಂತರು.

"ಪುಸ್ತಕದ ಚೀಲ ಅಟ್ಟಕ್ಕೆ ಹಾಕು. ನಾಳೆಯಿಂದ ಕಡವಿನ ದೋಣಿಯ ಇಂಜಿನ್ ನಿನ್ನದು."

"ಆ ಡೀಸೆಲ್ ಡಬ್ಬವಾ ಸರ್? ನಾನು ಮೂರು ಮಹಡಿ ಎತ್ತರದ ಇಂಜಿನ್ ನೋಡಿದವನು."

"ಹಾಗಾದ್ರೆ ಇದು ಸಣ್ಣದು, ಬೇಗ ಮುಗೀತದೆ," ಎಂದರು ಬಾರ್ಬೋಜರು.

ದೋಣಿ ಮೋನಪ್ಪನದು. ದಿನಕ್ಕೆ ಹತ್ತಾರು ಸಲ ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುತ್ತಿದ್ದ. ಅದರ ಇಂಜಿನ್ನನ್ನು ಇಷ್ಟು ವರ್ಷ ಬಾರ್ಬೋಜರೇ ನೋಡಿಕೊಂಡಿದ್ದರು. ಈಗ ಹೊಸ ಮನುಷ್ಯ ಬಂದನೆಂದು ಮೋನಪ್ಪನಿಗೆ ಖುಷಿಯೋ ಖುಷಿ.

ಮೊದಲ ದಿನವೇ ಸುಕೇಶ ಇಂಜಿನ್ನಿನ ಎಣ್ಣೆಯನ್ನು ಬೆರಳ ತುದಿಯಲ್ಲಿ ಉಜ್ಜಿ ನೋಡಿದ. ಕರ್ರಗಿತ್ತು. ಬಾರ್ಬೋಜರು ಕಟ್ಟೆಯ ಮೇಲೆ ಕೂತಿದ್ದರು.

"ಸರ್, ಎಣ್ಣೆ ಬದಲಿಸ್ಲಾ?"

ಬಾರ್ಬೋಜರು ಕಿವಿಯ ಯಂತ್ರ ತೆಗೆದರು. ಡಬ್ಬಿಗೆ ಹಾಕಿದರು. ಟಕ್.

"ಸರ್! ಎಣ್ಣೆ!"

ಅವರು ಆಕಾಶ ನೋಡುತ್ತ ಕೂತರು. ಸುಕೇಶ ಅರ್ಧ ಗಂಟೆ ಕಾದು, ಬೇಸತ್ತು, ಎಣ್ಣೆ ಬದಲಿಸಿದ.

ಮರುದಿನ ಬೆಲ್ಟು ಸಡಿಲವಾಗಿರುವುದು ಕಂಡಿತು.

"ಸರ್, ಬೆಲ್ಟ್ ಬಿಗಿ ಮಾಡುವುದಾ, ಹೊಸತು ಹಾಕುವುದಾ?"

ಟಕ್.

ವಿಚಿತ್ರವೆಂದರೆ ಬೇರೆ ಮಾತಿಗೆಲ್ಲ ಆ ಕಿವಿ ಸರಿಯಾಗಿಯೇ ಇತ್ತು. "ಸರ್, ನಿಮ್ಮ ಕಾಲದಲ್ಲಿ ಹಬೆಯ ಟರ್ಬೈನ್ ಹೇಗೆ ನಡೆಸ್ತಾ ಇದ್ರಿ?" ಎಂದು ಕೇಳಿದರೆ ಮುದುಕರು ಎರಡು ಗಂಟೆ ಹೇಳುತ್ತಿದ್ದರು. ನಡುವೆ ಅಡಿಗೆಮನೆಯಿಂದ ಹೆಂಡತಿ ಸೆಲಿನ್ ಬಾಯಿಯವರು ಪಿಸುಗುಟ್ಟಿದರೂ ಕೇಳಿಸುತ್ತಿತ್ತು.

"ಬ್ಯಾಟರಿ ಕೈಕೊಡ್ತಾ ಇರ್ಬೇಕು," ಎಂದುಕೊಂಡ ಸುಕೇಶ. ಒಳ್ಳೆಯ ಶಿಷ್ಯ ನೋಡಿ, ಬಸ್ಸು ಹತ್ತಿ ಪೇಟೆಗೆ ಹೋಗಿ ಕಿವಿಯಂತ್ರದ ಬ್ಯಾಟರಿಯ ಪಟ್ಟಿಯೊಂದನ್ನು ತಂದುಕೊಟ್ಟ. ಸಣ್ಣ ಸಣ್ಣ ಗುಂಡಿಗಳ ಹಾಗಿನ ಆರು ಬ್ಯಾಟರಿ.

ಬಾರ್ಬೋಜರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಒಳ್ಳೇದಾಯ್ತು. ಬೇಕಾಗ್ತದೆ," ಎಂದು ಅಂಗಿಯ ಜೇಬಿಗೆ ಸೇರಿಸಿದರು. ಯಂತ್ರಕ್ಕೆ ಹಾಕಲಿಲ್ಲ.

"ಸರ್, ಪರೀಕ್ಷೆಗೆ ಅರ್ಜಿ ಹಾಕ್ಲಾ? ಈ ತಿಂಗಳ ಕೊನೆಗಾ, ಮುಂದಿನ ತಿಂಗಳಾ?"

ಟಕ್.

ಸುಕೇಶನಿಗೆ ಸಿಟ್ಟು ನೆತ್ತಿಗೇರಿತು. ಮೋನಪ್ಪನ ಹತ್ತಿರ ಹೇಳಿಕೊಂಡ.

"ಕಲಿಸ್ತಾರೆ ಅಂತ ಬಂದ್ರೆ, ಈ ಮನುಷ್ಯ ಒಂದು ಮಾತಿಗೂ ಉತ್ತರ ಕೊಡುವುದಿಲ್ಲ ಮೋನಪ್ಪಣ್ಣ."

"ನೀವು ಎಂತ ಕೇಳಿದ್ರಿ ಸುಕೇಶಣ್ಣ?"

"ಎಂತ ಮಾಡ್ಲಿ ಅಂತ ಕೇಳಿದೆ, ಅಷ್ಟೇ."

ಮೋನಪ್ಪ ಕೋಲಿನಿಂದ ನೀರಿನ ಆಳ ನೋಡುತ್ತ, "ನನ್ನ ಹತ್ರ ಅವರು ಒಂದು ದಿನವೂ ಕಿವಿ ತೆಗೆದದ್ದಿಲ್ಲಪ್ಪ," ಎಂದ.

ಮೂರನೆಯ ವಾರ. ಹೊತ್ತು ಇಳಿಯುವ ಮೊದಲಿನ ಟ್ರಿಪ್ಪು. ದೋಣಿಯಲ್ಲಿ ಇಪ್ಪತ್ತು ಮಂದಿ: ಬುಟ್ಟಿ ಖಾಲಿ ಮಾಡಿ ಮನೆಗೆ ಹೊರಟ ಮೀನಿನ ಹೆಂಗಸರು, ಒಬ್ಬರು ಅಂಚೆಯವರು, ಆಸ್ಪತ್ರೆಯಿಂದ ಮರಳುತ್ತಿದ್ದ ಒಂದು ಸಂಸಾರ. ಬಾರ್ಬೋಜರೂ ಸಂಜೆಯ ಪ್ರಾರ್ಥನೆಗೆಂದು ಆ ದಡದ ಇಗರ್ಜಿಗೆ ಹೊರಟಿದ್ದರು. ಇಂಜಿನ್ನಿನ ಪಕ್ಕದ ಹಲಗೆಯ ಮೇಲೆ, ಕಿವಿಯಲ್ಲಿ ಯಂತ್ರ ಇಟ್ಟುಕೊಂಡೇ ಕೂತಿದ್ದರು.

ಸಮುದ್ರದ ಇಳಿತದ ಹೊತ್ತು. ಹೊಳೆಯ ನೀರೆಲ್ಲ ಅಳಿವೆಯ ಬಾಗಿಲಿಗೆ ರಭಸದಿಂದ ಓಡುತ್ತಿತ್ತು. ಬಾಗಿಲಲ್ಲಿ ಮರಳ ದಿಬ್ಬ, ದಿಬ್ಬದ ಮೇಲೆ ಬೆಳ್ಳಗೆ ಒಡೆಯುವ ಅಲೆ. ಅಲ್ಲಿಗೆ ಸಿಕ್ಕಿದ ದೋಣಿ ಮಗುಚುತ್ತದೆ ಎಂದು ಆ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ನಡುಹೊಳೆಯಲ್ಲಿ ಸುಕೇಶ ದೋಣಿಯ ಬದಿಗೆ ಕಣ್ಣು ಹಾಯಿಸಿದ. ಇಂಜಿನ್ನನ್ನು ತಣಿಸಿ ಹೊರಗೆ ಬೀಳಬೇಕಾದ ನೀರು ಬೀಳುತ್ತಿರಲಿಲ್ಲ. ಕೆಳಗಿನ ನೀರೆಳೆಯುವ ಬಾಯಿಗೆ ಏನೋ ಸಿಕ್ಕಿಕೊಂಡಿತ್ತು, ಪ್ಲಾಸ್ಟಿಕ್ಕೋ, ಬಲೆಯ ಚೂರೋ. ಇಂಜಿನ್ ಆಗಲೇ ಸುಡುತ್ತಿತ್ತು. ಹೊಗೆಯ ವಾಸನೆ ಬದಲಾಗಿತ್ತು.

ನಿಲ್ಲಿಸಿದರೆ ಇಂಜಿನ್ ಉಳಿಯುತ್ತದೆ. ಆದರೆ ಬಾಯಿಗೆ ಸಿಕ್ಕಿದ್ದನ್ನು ಬಿಡಿಸುವ ಮೊದಲೇ ಸೆಳೆತ ದೋಣಿಯನ್ನು ದಿಬ್ಬಕ್ಕೆ ಒಯ್ಯುತ್ತದೆ. ಆ ಸಡಿಲ ಮರಳಿನಲ್ಲಿ ಲಂಗರು ನಿಲ್ಲುವುದಿಲ್ಲ. ನಿಲ್ಲಿಸದಿದ್ದರೆ ಇಂಜಿನ್ ಸುಟ್ಟು, ಹಿಡಿದುಕೊಂಡು, ನಿಂತೇ ಹೋಗುತ್ತದೆ. ಯಾವಾಗ ಎಂಬುದಷ್ಟೇ ಪ್ರಶ್ನೆ.

ಹನ್ನೆರಡು ವರ್ಷದ ಅಭ್ಯಾಸ ಅವನ ಕತ್ತನ್ನು ತಾನಾಗಿ ತಿರುಗಿಸಿತು.

"ಸರ್! ನೀರು ಬರ್ತಾ ಇಲ್ಲ! ನಿಲ್ಲಿಸ್ಲಾ, ಓಡಿಸ್ಲಾ?"

ಬಾರ್ಬೋಜರು ಅವನ ಮುಖವನ್ನೇ ನೋಡಿದರು. ಕಿವಿಯಿಂದ ಯಂತ್ರ ತೆಗೆದರು. ಡಬ್ಬಿಗೆ ಹಾಕಿದರು.

ಟಕ್.

ಅಷ್ಟು ಗದ್ದಲದಲ್ಲಿಯೂ ಆ ಸದ್ದು ಅವನಿಗೆ ಕೇಳಿಸಿತು. ಆಮೇಲೆ, ಕೇಳುವುದಕ್ಕೆ ಯಾರೂ ಇಲ್ಲ ಎಂಬುದು ಖಚಿತವಾದ ಮೇಲೆ, ತಲೆ ಒಮ್ಮೆಲೇ ತಿಳಿಯಾಯಿತು.

"ಮೋನಪ್ಪಣ್ಣ!" ಅವನ ಸ್ವರ ಅವನಿಗೇ ಹೊಸದಾಗಿತ್ತು. "ಇಂಜಿನ್ ಸುಟ್ಟು ಹೋಗ್ತದೆ. ನಿಮಗೆ ಐದು ನಿಮಿಷ ಕೊಡ್ತೇನೆ. ಅಷ್ಟರೊಳಗೆ ಆ ದಡದ ಕಲ್ಲಿನ ಕಟ್ಟೆಯ ಮರೆಗೆ ಸೇರಿಸಿ. ಆಮೇಲೆ ನನ್ನ ಹತ್ರ ಏನೂ ಇರುವುದಿಲ್ಲ."

"ಐದು ಸಾಕು!" ಎಂದು ಮೋನಪ್ಪ ಚುಕ್ಕಾಣಿ ತಿರುಗಿಸಿದ.

ಸುಕೇಶ ವೇಗವನ್ನು ಸೆಳೆತ ಮೀರುವಷ್ಟಕ್ಕೆ ಮಾತ್ರ ಇಟ್ಟ. ಡಬ್ಬದಲ್ಲಿದ್ದ ಎಣ್ಣೆಯನ್ನೆಲ್ಲ ಇಂಜಿನ್ನಿಗೆ ಸುರಿದ. ಜನರನ್ನು ಮುಂದಕ್ಕೆ ಸರಿಸಿದ. ಇಂಜಿನ್ನಿನ ಬಣ್ಣ ಸುಟ್ಟು ಗುಳ್ಳೆ ಎದ್ದಿತು. ಒಬ್ಬಳು ಮೀನಿನ ಹೆಂಗಸು ದೇವರನ್ನೂ ಮೋನಪ್ಪನನ್ನೂ ಒಟ್ಟಿಗೆ ಬೈಯುತ್ತಿದ್ದಳು. ಮೂರು ನಿಮಿಷ. ನಾಲ್ಕು.

ಕಟ್ಟೆಯ ಮರೆಯ ನಿಂತ ನೀರಿಗೆ ದೋಣಿಯ ಮೂತಿ ಹೊಕ್ಕಿತು. ಅದೇ ಗಳಿಗೆಗೆ ಇಂಜಿನ್ ಕಿರ್ರೆಂದು ಚೀರಿ ಹಿಡಿದುಕೊಂಡಿತು. ಮೋನಪ್ಪ ಕೋಲು ಚಾಚಿ ಕಟ್ಟೆಯ ಹಗ್ಗ ಕಟ್ಟುವ ಕಬ್ಬಿಣದ ಬಳೆಗೆ ಸಿಕ್ಕಿಸಿದ.

ಇಪ್ಪತ್ತು ಮಂದಿಯೂ ಒಣಬಟ್ಟೆಯಲ್ಲಿ ಇಳಿದರು. ಬೈಯುತ್ತಿದ್ದ ಹೆಂಗಸು ಸುಕೇಶನ ಕೆನ್ನೆ ಸವರಿ ಹೋದಳು.

ಬಾರ್ಬೋಜರು ಡಬ್ಬಿ ತೆರೆದು ಯಂತ್ರವನ್ನು ಮತ್ತೆ ಕಿವಿಗಿಟ್ಟುಕೊಂಡರು.

"ಈ ಇಂಜಿನ್ ಸುಟ್ಟದ್ದು ಯಾರು?"

"ನಾನು ಸರ್."

"ಯಾರನ್ನು ಕೇಳಿ?"

"ನಿಮ್ಮನ್ನು ಕೇಳಿದೆ. ನೀವು ಕಿವಿ ತೆಗೆದಿಟ್ರಿ." ಸುಕೇಶನಿಗೆ ಈಗ ಸಿಟ್ಟು ಬಂದಿತ್ತು. "ಇಪ್ಪತ್ತು ಜೀವ ಇತ್ತು ಸರ್ ದೋಣಿಯಲ್ಲಿ! ನಾನು ತಪ್ಪಿದ್ರೆ?"

"ನಾನೂ ಇದ್ದೆನಲ್ಲ ಮಾರಾಯ. ನನಗೆ ಈಜು ಬರುವುದಿಲ್ಲ."

ಸುಕೇಶ ಬಾಯಿ ತೆರೆದು ನೋಡಿದ. ನಲವತ್ತು ವರ್ಷ ಸಮುದ್ರದಲ್ಲಿದ್ದ ಮನುಷ್ಯ!

"ಈಜು ಬಾರದವನು ಸುಮ್ಮನೆ ಕೂತದ್ದು ಯಾಕೆ ಅಂತ ಯೋಚನೆ ಮಾಡು," ಎಂದು ಬಾರ್ಬೋಜರು ಇಗರ್ಜಿಯ ದಾರಿ ಹಿಡಿದರು.

ಸುಕೇಶ ಆ ಕಟ್ಟೆಯ ಮೇಲೆ ಬಹಳ ಹೊತ್ತು ಕೂತ. ಹಡಗುಗಳ ಕಂಟ್ರೋಲ್ ರೂಮಿನಲ್ಲಿ ಪ್ರತಿಯೊಬ್ಬ ಚೀಫ್ ಅಂಟಿಸುವ ಕಾಗದ ಅವನ ಕಣ್ಣ ಮುಂದೆ ಬಂತು: 'ಸಂಶಯವಿದ್ದರೆ ನನ್ನನ್ನು ಕರೆಯಿರಿ.' ಅದರ ಅಡಿಯಲ್ಲಿ ಅವನು ಹನ್ನೆರಡು ವರ್ಷ ಸಹಿ ಹಾಕಿದ್ದ. ಅದು ಸರಿಯಾಗಿಯೇ ಇತ್ತು. ಆದರೆ ಚೀಫನ್ನು ಕರೆಯುವ ಆ ಕಿರಿಯನಾಗಿಯೇ ಅವನು ಎರಡು ಸಲವೂ ಚೀಫ್ ಕುರ್ಚಿಯ ಪರೀಕ್ಷೆಗೆ ಹೋಗಿದ್ದ.

"ಅಯ್ಯೋ ದೇವರೇ, ಚೀಫ್‌ಗೆ ಫೋನ್ ಮಾಡ್ತೇನೆ ಅಂದೆನಲ್ಲ!" ಎಂದು ಹಣೆ ಹಣೆ ಬಡಿದುಕೊಂಡ. ಆಮೇಲೆ ಒಬ್ಬನೇ ನಕ್ಕ. ದೋಣಿ ಕಟ್ಟುತ್ತಿದ್ದ ಮೋನಪ್ಪ ಗಾಬರಿಯಾಗಿ ತಿರುಗಿ ನೋಡಿದ.

ಹನ್ನೊಂದು ದಿನ ಇಂಜಿನ್ನಿನ ಕೆಲಸ ನಡೆಯಿತು. ಮೋನಪ್ಪ ಆ ಹನ್ನೊಂದು ದಿನವೂ ಇಳಿತದ ಹೊತ್ತು ಬಿಟ್ಟು ಹುಟ್ಟು ಹಾಕಿಯೇ ಜನರನ್ನು ದಾಟಿಸಿದ. ಪಿಸ್ಟನ್ ಹೊಸತು ಬೇಕೆಂದು ಸುಕೇಶನೇ ತೀರ್ಮಾನಿಸಿದ, ಸಿಲಿಂಡರು ಉಜ್ಜಿದರೆ ಸಾಕೆಂದೂ ಅವನೇ ತೀರ್ಮಾನಿಸಿದ. ನೀರೆಳೆಯುವ ಬಾಯಿಗೆ ಒಂದು ಜಾಲರಿ ಕಟ್ಟಿದ. ಪರೀಕ್ಷೆಗೆ ಅರ್ಜಿ ಹಾಕಿ ಬಂದ.

ಬಾರ್ಬೋಜರು ಕಟ್ಟೆಯ ಮೇಲೆ ಕೂತು ಎಲ್ಲ ನೋಡಿದರು. ಆ ಹನ್ನೊಂದು ದಿನದಲ್ಲಿ ಡಬ್ಬಿ ಒಮ್ಮೆಯೂ ಹೊರಗೆ ಬರಲಿಲ್ಲ.

ಪರೀಕ್ಷೆಗೆ ಹೊರಡುವ ದಿನ ಸುಕೇಶ ಎರಡು ಅಂಗಿ ಹಿಡಿದುಕೊಂಡು ಬಂದ, ನೀಲಿಯದೊಂದು, ಬಿಳಿಯದೊಂದು. ಬಾಯಿ ತೆರೆದ. ಬಾರ್ಬೋಜರ ಕೈ ಕಿವಿಯ ಕಡೆ ಎದ್ದಿತು.

"ಬಿಳಿ," ಎಂದು ತಾನೇ ಹೇಳಿ, ಬಸ್ಸಿಗೆ ಓಡಿದ.

ಪರೀಕ್ಷಕರು ಹಿಂದಿನವರೇ. ಸಣಕಲು ದೇಹ, ಮೂಗಿನ ತುದಿಗೆ ಕನ್ನಡಕ. ಅಲ್ಲಿ ನಡೆದದ್ದೆಲ್ಲ ಇಂಗ್ಲಿಷಿನಲ್ಲಿ. ನಾವು ಕನ್ನಡದಲ್ಲೇ ಕೇಳಿಕೊಳ್ಳೋಣ.

ಮುಕ್ಕಾಲು ಗಂಟೆ ಬಾಯ್ಲರು, ಪಂಪು, ಕಾಯಿದೆ ಎಲ್ಲ ಆಯಿತು. ಸುಕೇಶ ಎಂದಿನಂತೆ ಎಲ್ಲಿಯೂ ತಡವರಿಸಲಿಲ್ಲ. ಪರೀಕ್ಷಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವನಿಗೆ ಗೊತ್ತಾಯಿತು, ಈಗ ಬರುತ್ತದೆ.

"ಬಿರುಗಾಳಿ. ಅರ್ಧ ಮೈಲಿಯಲ್ಲಿ ಬಂಡೆ. ಹಡಗು ಆ ಕಡೆಗೇ ಸರಿಯುತ್ತಿದೆ. ಆಗ ಇಂಜಿನ್ನಿನ ಎಣ್ಣೆಯ ಒತ್ತಡ ಇಳಿಯುತ್ತದೆ. ಇನ್ನು ಸ್ವಲ್ಪ ಹೊತ್ತಿಗೆ ಇಂಜಿನ್ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಏನು ಮಾಡ್ತೀರಿ?"

ಸುಕೇಶನ ನಾಲಿಗೆಯ ತುದಿಗೆ ಹಳೆಯ ಮಾತು ಬಂದು ನಿಂತಿತು. ಹನ್ನೆರಡು ವರ್ಷದ್ದು, ಸುಲಭಕ್ಕೆ ಹೋಗುತ್ತದೆಯೇ!

ಆಗ ಎಲ್ಲಿಂದಲೋ ಆ ಸದ್ದು ಕೇಳಿಸಿತು. ಟಕ್.

"ತಾನಾಗಿ ನಿಲ್ಲುವ ವ್ಯವಸ್ಥೆಯನ್ನು ತಪ್ಪಿಸ್ತೇನೆ," ಎಂದ ಸುಕೇಶ. "ಇಂಜಿನ್ ಓಡಿಸ್ತೇನೆ. ಕ್ಯಾಪ್ಟನ್ನರಿಗೆ ಹೇಳ್ತೇನೆ: ನಿಮಗೆ ಹತ್ತು ನಿಮಿಷ ಕೊಡ್ತೇನೆ, ಅಷ್ಟರಲ್ಲಿ ಬಂಡೆಯಿಂದ ಹೊರಗೆ ಬನ್ನಿ. ಬೇಡದವರನ್ನು ಇಂಜಿನ್ ರೂಮಿನಿಂದ ಹೊರಗೆ ಕಳಿಸ್ತೇನೆ. ನಾನು ಅಲ್ಲೇ ಇರ್ತೇನೆ."

"ಇಂಜಿನ್ ಹಾಳಾಗುತ್ತದಲ್ಲ?"

"ಹಾಳಾಗ್ತದೆ. ಹಡಗು ಉಳೀತದೆ."

"ಆಮೇಲೆ ಮಾಲೀಕರು ಕೇಳ್ತಾರೆ, ಕೋಟಿಗಟ್ಟಲೆ ಬೆಲೆಯ ಇಂಜಿನ್ ಸುಟ್ಟವರು ಯಾರು ಅಂತ."

"ಕೇಳುವ ಮೊದಲೇ ಲಾಗ್ ಪುಸ್ತಕದಲ್ಲಿ ಬರೆದಿರ್ತೇನೆ ಸರ್, ನನ್ನ ಹೆಸರು ಹಾಕಿ."

ಪರೀಕ್ಷಕರು ಫೈಲು ಮುಚ್ಚಲಿಲ್ಲ.

"ಚೀಫ್‌ಗೆ ಫೋನ್ ಮಾಡುವುದಿಲ್ಲವೇ ಈ ಸಲ?"

ಸುಕೇಶನಿಗೆ ನಗು ತಡೆಯಲಾಗಲಿಲ್ಲ.

"ಮಾಡಿದ್ರೆ ನನ್ನ ಕ್ಯಾಬಿನ್ನಿನಲ್ಲೇ ರಿಂಗ್ ಆಗ್ತದೆ ಸರ್."

ಆ ಕೋಣೆಯಲ್ಲಿ ಪರೀಕ್ಷಕರು ಗಟ್ಟಿಯಾಗಿ ನಕ್ಕದ್ದನ್ನು ಹೊರಗೆ ಕೂತಿದ್ದವರು ಅದೇ ಮೊದಲು ಕೇಳಿದ್ದಂತೆ. ಅವರು ಎದ್ದು, ಮೇಜು ಸುತ್ತಿ ಬಂದು, ಅವನ ಕೈ ಹಿಡಿದು ಕುಲುಕಿದರು.

ಬಸ್ಸಿನಲ್ಲಿ ಅವನಿಗೆ ಸೀಟು ಸಿಗಲಿಲ್ಲ. ಎರಡು ಗಂಟೆ ಕಂಬ ಹಿಡಿದು ನಿಂತೇ ಬಂದ. ದಾರಿಯುದ್ದಕ್ಕೂ ಮುಖದ ತುಂಬ ನಗು. ಕಂಡಕ್ಟರು, "ಲಾಟರಿ ಹೊಡೀತಾ?" ಎಂದು ಕೇಳಿದರೆ, ಅದಕ್ಕೂ ನಕ್ಕ.

ಕಡವಿಗೆ ಬಂದಾಗ ಬಿಸಿಲಿನ್ನೂ ಇತ್ತು. ದೋಣಿಯಲ್ಲಿ ಜನ ತುಂಬಿದ್ದರು. ಮೋನಪ್ಪ ಹಗ್ಗ ಬಿಚ್ಚಲು ತಯಾರಾಗಿ ನಿಂತಿದ್ದ. ಇಳಿತ ಶುರುವಾಗಿತ್ತು, ಅಳಿವೆಯ ಕಡೆ ಬಿಳಿ ಅಲೆ ಕಾಣುತ್ತಿತ್ತು. ಹೊಸ ಪಿಸ್ಟನ್ನಿನ ಇಂಜಿನ್ ಇಳಿತಕ್ಕೆ ಎದುರಾಗಿ ಇನ್ನೂ ಓಡಿರಲಿಲ್ಲ.

"ಬಾರ್ಬೋಜರೇ, ಬಿಡ್ಲಾ?" ಎಂದು ಮೋನಪ್ಪ ಕೂಗಿದ.

ಕಟ್ಟೆಯ ಮೇಲೆ ಕೂತಿದ್ದ ಮುದುಕರಿಗೆ ಕೇಳಿಸಲಿಲ್ಲ, ಬ್ಯಾಟರಿ ಮುಗಿದ ಯಂತ್ರ ಡಬ್ಬಿಯಲ್ಲಿತ್ತು. ಅವರು ದಾರಿಯಲ್ಲಿ ಬರುತ್ತಿದ್ದ ಬಿಳಿ ಅಂಗಿಯನ್ನೇ ನೋಡುತ್ತಿದ್ದರು. ಪಾಸೋ ಫೇಲೋ ಎಂದು ಕೇಳುವ ಅಗತ್ಯ ಆ ಮುಖ ನೋಡಿದವರಿಗೆ ಇರಲಿಲ್ಲ.

ಸುಕೇಶ ಬಂದು ಕಾಲು ಮುಟ್ಟಲು ಬಗ್ಗಿದ. ಬಾರ್ಬೋಜರು ಅವನ ಭುಜ ಹಿಡಿದು ತಡೆದರು. ಅವರ ಕಣ್ಣು ಒದ್ದೆಯಾಗಿತ್ತು. ಅದನ್ನು ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಜೇಬಿನಿಂದ ಡಬ್ಬಿ ತೆಗೆದರು. ಸುಕೇಶ ತಂದುಕೊಟ್ಟಿದ್ದ ಬ್ಯಾಟರಿಯ ಪಟ್ಟಿಯನ್ನೂ ತೆಗೆದರು. ಅದರಿಂದ ಒಂದು ಹೊಸ ಬ್ಯಾಟರಿ ಬಿಡಿಸಿ, ಯಂತ್ರಕ್ಕೆ ಹಾಕಿ, ಕಿವಿಗೆ ಸಿಕ್ಕಿಸಿಕೊಂಡರು. ಖಾಲಿ ಡಬ್ಬಿಯನ್ನು ಸುಕೇಶನ ಕೈಗಿಟ್ಟು ಬೆರಳು ಮಡಚಿದರು.

ಮತ್ತೆ ಕೋಲೂರಿ ಎದ್ದು ನಿಂತರು. ಇಂಜಿನ್ ರೂಮಿಗೆ ದೊಡ್ಡವರು ಬಂದಾಗ ಕಿರಿಯರು ನಿಲ್ಲುತ್ತಾರಲ್ಲ, ಹಾಗೆ ನೆಟ್ಟಗೆ.

"ಹೇಳಿ ಚೀಫ್," ಎಂದರು ಬಾರ್ಬೋಜರು. "ದೋಣಿ ಬಿಡುವುದಾ?"